ಎಳನೀರಿಗೂ ಡ್ರಿಪ್ ಬಾಟಲಿಗೂ ಇರುವ ದೂರ

ಅರಳಗುಪ್ಪೆಯ ಸುತ್ತಿನ ತೋಟಗಳ ಕಾಯಿ ಹೆಚ್ಚಾಗಿ ಅಟ್ಟ ಸೇರಿ, ತಿಂಗಳುಗಟ್ಟಲೆ ಒಣಗಿ, ಉಂಡೆ ಕೊಬ್ಬರಿಯಾಗಿ ತಿಪಟೂರು ಮಾರುಕಟ್ಟೆಗೆ ಹೋಗುವಂಥದ್ದು. ಎಳನೀರಿನ ವ್ಯಾಪಾರಕ್ಕೆ ಹೆಸರಾದ ಊರು ಮದ್ದೂರು. ಆದರೂ ಈ ಸೀಮೆಯಲ್ಲಿ ಮನೆಮಂದಿಗೆ ಜ್ವರ ಬಂದರೆ ಮರ ಹತ್ತಿಸಿ ನಾಲ್ಕು ಎಳನೀರು ಇಳಿಸದವರು ಕಡಿಮೆ. ತಿಪಟೂರಿನ ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವವರ ಚೀಲದಲ್ಲೂ ಒಂದೆರಡು ಇರುತ್ತವೆ. ವಾರ್ಡಿನಲ್ಲಿ ಕೂತು ಬಾಟಲಿಯ ಹನಿ ನೋಡುತ್ತಿರುವಾಗ ಯಾರಾದರೂ ಹಿರಿಯರು ಮಾತು ತೆಗೆಯುತ್ತಾರೆ: "ಯುದ್ಧದ ಕಾಲದಲ್ಲಿ ಎಳನೀರನ್ನೇ ನರಕ್ಕೆ ಏರಿಸ್ತಿದ್ರಂತೆ ಕಣಪ್ಪ. ಈ ಬಾಟ್ಲಿಗೆ ಯಾಕೆ ದುಡ್ಡು ಸುರೀಬೇಕು?"

ಆ ಮಾತು ಪೂರ್ತಿ ಸುಳ್ಳಲ್ಲ. ಎರಡನೇ ಮಹಾಯುದ್ಧದಲ್ಲಿ ಸಿಲೋನಿನಲ್ಲಿ ಬ್ರಿಟಿಷರೂ ಸುಮಾತ್ರಾದಲ್ಲಿ ಜಪಾನಿಯರೂ ಸಲೈನ್ ಸಿಗದಾಗ ಎಳನೀರನ್ನು ರಕ್ತನಾಳಕ್ಕೆ ಕೊಟ್ಟರು ಎಂದು ವೈದ್ಯಕೀಯ ಬರಹಗಳಲ್ಲೇ ಬರುತ್ತದೆ. 1940 ಮತ್ತು 50ರ ದಶಕಗಳಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದ ವೈದ್ಯರ ವರದಿಗಳಿವೆ. ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ನುಂಗಲಾಗದ ರೋಗಿಯೊಬ್ಬರಿಗೆ, ಆಸ್ಪತ್ರೆಯಲ್ಲಿ ಬೇರೆ ದ್ರವ ಸಿಗದೆ, ಎಳನೀರನ್ನೇ ಏರಿಸಿ ಸಂಭಾಳಿಸಿದ ಪ್ರಕರಣ 2000ದಲ್ಲಿ ಪ್ರಕಟವಾಯಿತು. ಒಡೆಯದ ಕಾಯಿಯೊಳಗಿನ ನೀರಿನಲ್ಲಿ ಸೂಕ್ಷ್ಮಾಣುಗಳಿರುವುದಿಲ್ಲ, ಸ್ವಲ್ಪ ಸಕ್ಕರೆ ಇರುತ್ತದೆ. ಬೇರೇನೂ ಇಲ್ಲದ ಕಡೆ, ಒಂದೆರಡು ದಿನಕ್ಕೆ, ಅದು ಜೀವ ಹಿಡಿದಿಟ್ಟಿದ್ದು ನಿಜ.

ಹಾಗಿದ್ದರೆ ತಿಪಟೂರಿನಲ್ಲಿ ಯಾಕೆ ಆಗದು? ಉತ್ತರ ಇರುವುದು ಎರಡು ಲವಣಗಳ ಲೆಕ್ಕದಲ್ಲಿ. ನಮ್ಮ ರಕ್ತದ ನೀರಿನಲ್ಲಿ ಲೀಟರಿಗೆ 135ರಿಂದ 145 ಮಿಲಿಮೋಲ್ ಸೋಡಿಯಂ ಇರುತ್ತದೆ, ಪೊಟ್ಯಾಸಿಯಂ ಬರೀ 3.5ರಿಂದ 5. ಎಳನೀರಿನದು ಇದಕ್ಕೆ ತದ್ವಿರುದ್ಧ. ತಳಿ, ಮಣ್ಣು, ಕಾಯಿಯ ಎಳಸು ನೋಡಿಕೊಂಡು ಅಂಕಿ ಬದಲಾಗುತ್ತದಾದರೂ ಪೊಟ್ಯಾಸಿಯಂ ಸಾಮಾನ್ಯವಾಗಿ 40ರ ಮೇಲೆಯೇ ಇರುತ್ತದೆ, ಸೋಡಿಯಂ ತೀರಾ ಕಡಿಮೆ. ಸೋಡಿಯಂ ಇಲ್ಲದ ನೀರು ರಕ್ತನಾಳದೊಳಗೆ ನಿಲ್ಲುವುದಿಲ್ಲ. ಪೊಟ್ಯಾಸಿಯಂ ನೇರವಾಗಿ, ವೇಗವಾಗಿ ರಕ್ತಕ್ಕೆ ಸೇರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಬಾಯಿಂದ ಕುಡಿದರೆ ಕರುಳು ಅದನ್ನು ನಿಧಾನವಾಗಿ ಒಳಗೆ ಬಿಡುತ್ತದೆ, ಮೂತ್ರಪಿಂಡ ಹೆಚ್ಚಾದದ್ದನ್ನು ಹೊರಗೆ ಹಾಕುತ್ತದೆ. ಮೂತ್ರಪಿಂಡವೇ ಸೋತವರಿಗೆ, ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ, ಕುಡಿಯುವ ಎಳನೀರೂ ಅಪಾಯ. ಪ್ರೀತಿಯಿಂದ ತಂದ ಎಳನೀರನ್ನು ಸಿಸ್ಟರ್ ಬೇಡ ಎಂದು ಪಕ್ಕಕ್ಕಿಟ್ಟರೆ ಬೇಸರ ಮಾಡಿಕೊಳ್ಳಬಾರದು.

ತೋಟದವರಿಗೆ ಇದನ್ನು ಹೇಳಲು ಒಂದು ಸುಲಭ ದಾರಿಯಿದೆ. ಕಪ್ಪುತಲೆ ಹುಳ ಬಿದ್ದ ಮರಕ್ಕೆ ಎಳೆಯ ಬೇರೊಂದನ್ನು ಓರೆಯಾಗಿ ಕತ್ತರಿಸಿ, ಔಷಧಿ ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ಇಳಿಬಿಟ್ಟು ಕಟ್ಟುತ್ತಾರಲ್ಲ, ಆ ಚೀಲದಲ್ಲಿ ಏನಿದೆಯೋ ಅದನ್ನು ಬೇರು ಹೀರುತ್ತದೆ, ಆರಿಸುವುದಿಲ್ಲ. ಕೈಗೆ ಚುಚ್ಚಿದ ಸೂಜಿಯೂ ಅಷ್ಟೆ. ನಾಲಿಗೆ, ಹೊಟ್ಟೆ, ಕರುಳು ಎಂಬ ಕಾವಲನ್ನೆಲ್ಲ ದಾಟಿಸಿ ನೇರ ಒಳಗೆ ಬಿಡುವ ವ್ಯವಸ್ಥೆ ಅದು. ಆದ್ದರಿಂದ ಬಾಟಲಿಯಲ್ಲಿ ಏನಿದೆ, ಎಷ್ಟಿದೆ, ಎಷ್ಟು ಹೊತ್ತಿಗೆ ಎಂಬ ಮೂರನ್ನೂ ಹೊರಗಿರುವ ಮನುಷ್ಯರೇ ನೋಡಬೇಕು.

ಏನಿದೆ ಎಂಬುದರಿಂದ ಶುರುಮಾಡೋಣ. ಅರವತ್ತು ಕೆಜಿ ತೂಕದ ಗಂಡಸಿನ ಮೈಯಲ್ಲಿ ಸುಮಾರು 36 ಲೀಟರ್ ನೀರಿರುತ್ತದೆ. ಅದರಲ್ಲಿ ಮೂರನೇ ಎರಡು ಭಾಗ ಜೀವಕೋಶಗಳ ಒಳಗೆ, ಒಂದು ಭಾಗ ಹೊರಗೆ. ಹೊರಗಿನದರಲ್ಲೂ ಕಾಲು ಪಾಲು ಮಾತ್ರ ರಕ್ತನಾಳಗಳಲ್ಲಿ ಓಡಾಡುತ್ತದೆ, ಉಳಿದದ್ದು ಕೋಶಗಳ ನಡುವಿನ ಸಂದುಗಳಲ್ಲಿ. ಏರಿಸಿದ ದ್ರವ ಈ ಮೂರು ಜಾಗಗಳಲ್ಲಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ತೀರ್ಮಾನಿಸುವುದು ಅದರೊಳಗಿನ ಉಪ್ಪು ಮತ್ತು ಸಕ್ಕರೆ. ವಾರ್ಡಿನಲ್ಲಿ ಹೆಚ್ಚು ಕಾಣುವ ಮೂರು ಬಾಟಲಿಗಳೂ ನೀರಿನಂತೆ ತಿಳಿಯಾಗಿ ಒಂದೇ ಥರ ಕಾಣುತ್ತವೆ, ಹೋಗುವ ಊರು ಮಾತ್ರ ಬೇರೆ ಬೇರೆ.

ಎನ್‌ಎಸ್, ಅಂದರೆ ನಾರ್ಮಲ್ ಸಲೈನ್: ಲೀಟರ್ ನೀರಿಗೆ 9 ಗ್ರಾಂ ಉಪ್ಪು. ಒಂದು ಲೀಟರ್ ಏರಿಸಿದರೆ ಕೋಶದೊಳಗೆ ಹೋಗದೆ ಹೊರಗೇ ಉಳಿಯುತ್ತದೆ; ಸ್ವಲ್ಪ ಹೊತ್ತಿನ ಮೇಲೆ ರಕ್ತನಾಳದಲ್ಲಿ ಉಳಿಯುವುದು ಹೆಚ್ಚು ಕಡಿಮೆ ಕಾಲು ಲೀಟರ್. ವಾಂತಿ, ರಕ್ತದೊತ್ತಡ ಕುಸಿತ, ತಲೆಗೆ ಪೆಟ್ಟು, ಸಕ್ಕರೆ ಕಾಯಿಲೆ ವಿಪರೀತಕ್ಕೆ ಹೋಗಿ ಉಸಿರು ಜೋರಾದವರು, ಇವರಿಗೆಲ್ಲ ಮೊದಲು ಕೈಗೆ ಬರುವುದು ಇದೇ. ಹಾವು ಕಚ್ಚಿದವರಿಗೆ ಕೊಡುವ ವಿಷನಿರೋಧಕ ಸೀರಮ್ಮನ್ನು ಬೆರೆಸುವುದೂ ಸಾಮಾನ್ಯವಾಗಿ ಇದಕ್ಕೇ. ರಕ್ತ ಕೊಡುವ ನಳಿಗೆಯಲ್ಲಿ ಜೊತೆಗೆ ಬಿಡಬಹುದಾದ ದ್ರವ ಕೂಡ ಸಾಮಾನ್ಯವಾಗಿ ಇದೊಂದೇ. ಗ್ಲೂಕೋಸ್ ಸೇರಿಸಿದರೆ ರಕ್ತಕಣ ಒಡೆಯುತ್ತವೆ, ರಿಂಗರ್ ಸೇರಿಸಿದರೆ ಅದರ ಕ್ಯಾಲ್ಸಿಯಂನಿಂದ ರಕ್ತ ಹೆಪ್ಪುಗಟ್ಟಬಹುದು. ಆದರೆ 'ನಾರ್ಮಲ್' ಎಂಬ ಹೆಸರನ್ನು ನಂಬಿ ಎಷ್ಟು ಬೇಕಾದರೂ ಸುರಿಯುವಂತಿಲ್ಲ. ಅದರ ಕ್ಲೋರೈಡ್ 154, ರಕ್ತದ್ದು ಸುಮಾರು ನೂರು. ಲೀಟರ್‌ಗಟ್ಟಲೆ ಹೋದರೆ ರಕ್ತ ಆಮ್ಲದ ಕಡೆಗೆ ವಾಲುತ್ತದೆ.

ಆರ್‌ಎಲ್, ರಿಂಗರ್ ಲ್ಯಾಕ್ಟೇಟ್, ರಕ್ತದ ನೀರಿಗೆ ಇನ್ನೂ ಹತ್ತಿರದ್ದು. ಸೋಡಿಯಂ 130ರ ಆಸುಪಾಸು, ಪೊಟ್ಯಾಸಿಯಂ 4, ಸ್ವಲ್ಪ ಕ್ಯಾಲ್ಸಿಯಂ, ಜೊತೆಗೆ ಲ್ಯಾಕ್ಟೇಟ್. ಇದರ ಮೂಲ ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್. 1880ರ ದಶಕದಲ್ಲಿ ಅವರು ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಬಡಿಯಿಸುತ್ತಿದ್ದರು. ಶುದ್ಧ ಬಟ್ಟಿನೀರಿನಲ್ಲಿ ಕಲಸಿದ ದಿನ ಹೃದಯ ಬೇಗ ನಿಂತಿತು. ಮೊದಲು ಚೆನ್ನಾಗಿ ಬಡಿದದ್ದಕ್ಕೆ ಕಾರಣ ಹುಡುಕಿದರೆ, ಆಗ ಬಳಸಿದ್ದು ನಲ್ಲಿ ನೀರು, ಅದರಲ್ಲಿ ಕ್ಯಾಲ್ಸಿಯಂ ಇತ್ತು. ಐವತ್ತು ವರ್ಷದ ನಂತರ ಅಮೆರಿಕದ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್ ಅದಕ್ಕೆ ಲ್ಯಾಕ್ಟೇಟ್ ಸೇರಿಸಿದರು. ಯಕೃತ್ತು ಲ್ಯಾಕ್ಟೇಟನ್ನು ಬೈಕಾರ್ಬೊನೇಟ್ ಮಾಡಿಕೊಂಡು ರಕ್ತದ ಹುಳಿ ಇಳಿಸುತ್ತದೆ. ಭೇದಿಯಿಂದ ನೀರು ಬತ್ತಿದವರಿಗೆ, ಸುಟ್ಟ ಗಾಯಕ್ಕೆ, ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ, ಹೆರಿಗೆ ಕೋಣೆಯಲ್ಲಿ ಇದರ ಕೆಲಸ. ಒಂದು ಎಚ್ಚರಿಕೆ: ಸೆಫ್ಟ್ರಿಯಾಕ್ಸೋನ್ ಎಂಬ ಬಹುಬಳಕೆಯ ಆಂಟಿಬಯೋಟಿಕ್ಕನ್ನು ಆರ್‌ಎಲ್ ಜೊತೆ ಒಂದೇ ನಳಿಗೆಯಲ್ಲಿ ಬಿಡಬಾರದು. ಎರಡೂ ಸೇರಿ ಹರಳುಗಟ್ಟುತ್ತವೆ. ಹಸುಗೂಸುಗಳಲ್ಲಿ ಇದು ಪ್ರಾಣಕ್ಕೇ ಎರವು.

ಮೂರನೆಯದು ಡಿ5, ಅಂದರೆ 5 ಪರ್ಸೆಂಟಿನ ಡೆಕ್ಸ್‌ಟ್ರೋಸ್, ಊರಿನವರ 'ಗ್ಲೂಕೋಸ್'. ಬಾಟಲಿಯಲ್ಲಿದ್ದಾಗ ಇದರ ಸಾಂದ್ರತೆ ಸರಿಸುಮಾರು ರಕ್ತದಷ್ಟೇ. ಒಳಗೆ ಹೋದಮೇಲೆ ಕೋಶಗಳು ಸಕ್ಕರೆಯನ್ನು ಬಳಸಿಕೊಂಡುಬಿಡುತ್ತವೆ, ಉಳಿಯುವುದು ಬರೀ ನೀರು. ಆ ನೀರು ಮೈಯೆಲ್ಲ ಹರಡಿ ಕೋಶದೊಳಕ್ಕೂ ನುಗ್ಗುತ್ತದೆ. ಒಂದು ಲೀಟರ್ ಕೊಟ್ಟರೆ ರಕ್ತನಾಳದಲ್ಲಿ ಉಳಿಯುವುದು ನೂರು ಎಂಎಲ್‌ಗಿಂತ ಕಡಿಮೆ. ಈಗ ತೆಂಗಿನ ಮರದಿಂದ ಬಿದ್ದ ಆಳನ್ನು ನೆನೆಸಿಕೊಳ್ಳಿ. ತಲೆಗೆ ಪೆಟ್ಟಾಗಿದೆ, ಮಾತು ತೊದಲುತ್ತಿದೆ. ಕರೆತಂದವರು "ಮೊದ್ಲು ಒಂದು ಗ್ಲೂಕೋಸ್ ಏರ್ಸಿ ಡಾಕ್ಟ್ರೇ" ಎಂದು ಗಲಾಟೆ ಮಾಡುತ್ತಾರೆ. ಏರಿಸಿದರೆ ಆ ನೀರು ಪೆಟ್ಟಾದ ಮಿದುಳಿನ ಕೋಶಗಳೊಳಗೂ ಹೋಗಿ ಊತ ಹೆಚ್ಚಿಸುತ್ತದೆ. ಅಲ್ಲಿ ಬೇಕಾದದ್ದು ಸಲೈನ್. ರಕ್ತ ಸೋರುತ್ತಿದ್ದರೆ ಅದೂ ಹದವಾಗಿ, ಬೇಗ ರಕ್ತ ಸಿಗುವ ಕಡೆಗೆ ಸಾಗಿಸುವವರೆಗೆ ಮಾತ್ರ. ಸಲೈನ್ ಪ್ರಾಣವಾಯು ಹೊರುವುದಿಲ್ಲ, ಹೆಚ್ಚಾದರೆ ಇರುವ ರಕ್ತವನ್ನೂ ತೆಳುಮಾಡಿ ಹೆಪ್ಪುಗಟ್ಟುವ ಶಕ್ತಿಯನ್ನು ಕೆಡಿಸುತ್ತದೆ.

ಉಳಿದವನ್ನು ಬೇಗ ಹೇಳಿಬಿಡಬಹುದು. ಡಿಎನ್‌ಎಸ್‌ನಲ್ಲಿ ಸಕ್ಕರೆ, ಉಪ್ಪು ಎರಡೂ ಇವೆ. ಊಟ ನಿಂತವರಿಗೆ ಕೊಡುತ್ತಾರೆ. 25 ಪರ್ಸೆಂಟಿನ ಡೆಕ್ಸ್‌ಟ್ರೋಸ್, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ಮಾಡದೆ ತೋಟದಲ್ಲಿ ಬೆವೆತು ಬಿದ್ದ ಹಿರಿಯರನ್ನು ನಿಮಿಷಗಳಲ್ಲಿ ಎಬ್ಬಿಸುತ್ತದೆ. ಮಂದವಾದ ದ್ರವವಾದ್ದರಿಂದ ಒಳ್ಳೆಯ ರಕ್ತನಾಳಕ್ಕೆ ನಿಧಾನವಾಗಿ ಕೊಡಬೇಕು. ಕುಡಿತದ ಚಟದವರಿಗೆ ಗ್ಲೂಕೋಸಿಗೆ ಮೊದಲು ಥಯಾಮಿನ್ ಚುಚ್ಚುಮದ್ದು ಕೊಡುವುದು ರೂಢಿ. 3 ಪರ್ಸೆಂಟ್ ಸಲೈನ್ ಮತ್ತು ಮ್ಯಾನಿಟಾಲ್ ಮಿದುಳಿನ ಊತ ಇಳಿಸಲು. ಅಲ್ಬುಮಿನ್‌ನಂಥ ದೊಡ್ಡ ಕಣಗಳ ದ್ರವ ರಕ್ತನಾಳದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಬೆಲೆ ಜಾಸ್ತಿ, ಎಲ್ಲರಿಗೂ ಬೇಕಿಲ್ಲ. ಮಕ್ಕಳಿಗೆಂದು ಬಹುಕಾಲ ಕೊಡುತ್ತಿದ್ದ, ಉಪ್ಪು ಕಡಿಮೆಯ ಐಸೊಲೈಟ್ ಪಿ ಬಗ್ಗೆ ಈಗ ವೈದ್ಯರು ಎರಡು ಸಲ ಯೋಚಿಸುತ್ತಾರೆ. ಕಾಯಿಲೆ ಬಿದ್ದ ಮಗುವಿನಲ್ಲಿ ಅದು ಸೋಡಿಯಂ ಇಳಿಸಿ ಫಿಟ್ಸ್ ತರಬಹುದೆಂದು ಗೊತ್ತಾದಮೇಲೆ, 2018ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ರಕ್ತದಷ್ಟೇ ಉಪ್ಪಿರುವ ದ್ರವವೇ ಇರಲಿ ಎಂದಿತು.

ಇನ್ನು ಶಕ್ತಿಯ ಮಾತು. "ಸುಸ್ತು ಸಿಸ್ಟರ್, ಒಂದು ಬಾಟ್ಲಿ ಹಾಕ್ಬಿಡಿ" ಎನ್ನುವ ಅಜ್ಜಿಯರು ಪ್ರತಿ ಹಳ್ಳಿಯಲ್ಲೂ ಇದ್ದಾರೆ, ಅವರ ಮಾತಿಗೆ ಹೂಂಗುಟ್ಟುವ ಸಣ್ಣ ಕ್ಲಿನಿಕ್‌ಗಳೂ ಇವೆ. ಅರ್ಧ ಲೀಟರ್ ಡಿ5ನಲ್ಲಿರುವುದು 25 ಗ್ರಾಂ ಸಕ್ಕರೆ, ಹೆಚ್ಚೆಂದರೆ 100 ಕ್ಯಾಲೊರಿ. ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ ಅದರ ಮೂರು ಪಟ್ಟು ಇದೆ, ಜೊತೆಗೆ ಕಬ್ಬಿಣ, ಸುಣ್ಣ, ಸಾರಿನ ಬೇಳೆ. ನೀರು ಬತ್ತಿದ್ದರೆ ಡ್ರಿಪ್ ಹಾಕಿದ ಮೇಲೆ ಚೇತರಿಕೆ ಕಾಣುವುದು ಸಹಜ. ಬತ್ತದಿದ್ದರೆ ಒಂದು ಗಂಟೆ ಮಲಗಿ ವಿಶ್ರಾಂತಿ ಸಿಕ್ಕಿದ್ದೇ ಲಾಭ. ಸುಸ್ತಿಗೆ ರಕ್ತಹೀನತೆಯೋ ಥೈರಾಯ್ಡೋ ಸಕ್ಕರೆ ಕಾಯಿಲೆಯೋ ಕಾರಣವಿದ್ದರೆ ಬಾಟಲಿ ಅದನ್ನು ಮುಚ್ಚಿಡುತ್ತದೆ, ಅಷ್ಟೆ. ಹೃದಯ ದುರ್ಬಲವಾದ ವಯಸ್ಸಾದವರಿಗೆ ಬೇಡದ ಎರಡು ಬಾಟಲಿ ಶ್ವಾಸಕೋಶದಲ್ಲಿ ನೀರು ತುಂಬಿಸಲು ಸಾಕು.

ಹೊರಗಿನಿಂದ ನೋಡುವವರಿಗೆ ಡ್ರಿಪ್ ಹಾಕುವುದೆಂದರೆ ಸೂಜಿ ಚುಚ್ಚಿ ಬಾಟಲಿ ನೇತುಹಾಕುವುದು. ಕೆಲಸ ಗೊತ್ತಿರುವ ಸಿಸ್ಟರ್ ಅದಕ್ಕೆ ಮುಂಚೆ ಏನು ಮಾಡುತ್ತಾರೆ ನೋಡಿ. ಬಾಟಲಿಯ ಹೆಸರು, ಅವಧಿ ಓದುತ್ತಾರೆ. ಕಿಟಕಿಯ ಬೆಳಕಿಗೆ ಹಿಡಿದು ಕಸ, ಮಬ್ಬು, ಎಳೆ ಇದೆಯೇ ಎಂದು ನೋಡುತ್ತಾರೆ. ತಲೆಕೆಳಗು ಮಾಡಿ ಹಿಂಡುತ್ತಾರೆ. ಒಂದು ಹನಿ ಜಿನುಗಿದರೂ ಆ ಬಾಟಲಿ ಪಕ್ಕಕ್ಕೆ. ಡ್ರಿಪ್ ಸೆಟ್ಟಿನಲ್ಲಿ ಹನಿ ಬೀಳುವ ಅಗಲ ಕೊಳವೆಯನ್ನು ಅರ್ಧ ತುಂಬಿಸಿ, ನಳಿಗೆಯ ಗಾಳಿಯನ್ನೆಲ್ಲ ಹೊರಗೆ ಬಿಟ್ಟು, ಆಮೇಲೆ ಕೈಯಲ್ಲಿ ರಕ್ತನಾಳ ಹುಡುಕುತ್ತಾರೆ. ರಕ್ತನಾಳದಲ್ಲಿ ಕೂರಿಸುವ ಕೊಳವೆಯಾದ ವೆನ್‌ಫ್ಲಾನಿನ ಬಣ್ಣವೂ ಒಂದು ಭಾಷೆ: ಹಸಿರು 18ರದ್ದು, ರಕ್ತ ಕೊಡುವುದಕ್ಕೆ, ಶಸ್ತ್ರಚಿಕಿತ್ಸೆಗೆ, ಗುಲಾಬಿ 20ರದ್ದು, ಸಾಮಾನ್ಯ ದೊಡ್ಡವರಿಗೆ, ನೀಲಿ 22, ಸಣ್ಣ ರಕ್ತನಾಳಕ್ಕೆ, ಹಳದಿ 24, ಮಕ್ಕಳಿಗೆ. ಅಂಕಿ ದೊಡ್ಡದಾದಷ್ಟು ಸೂಜಿ ಸಣ್ಣದು.

ಹನಿ ಲೆಕ್ಕವೂ ಕಷ್ಟದ್ದಲ್ಲ. ದೊಡ್ಡವರ ಸೆಟ್ಟಿನಲ್ಲಿ ಸಾಮಾನ್ಯವಾಗಿ 20 ಹನಿ ಸೇರಿದರೆ ಒಂದು ಎಂಎಲ್. ಗಂಟೆಗೆ ಎಷ್ಟು ಎಂಎಲ್ ಹೋಗಬೇಕೋ ಅದನ್ನು ಮೂರರಿಂದ ಭಾಗಿಸಿದರೆ ನಿಮಿಷದ ಹನಿ ಸಿಗುತ್ತದೆ. 500 ಎಂಎಲ್ ನಾಲ್ಕು ಗಂಟೆಯಲ್ಲಿ ಎಂದರೆ ಗಂಟೆಗೆ 125, ನಿಮಿಷಕ್ಕೆ 42 ಹನಿ. ಮಕ್ಕಳ ಮೈಕ್ರೋ ಸೆಟ್ಟಿನಲ್ಲಿ ಎಂಎಲ್‌ಗೆ 60 ಹನಿ, ಅಲ್ಲಿ ಭಾಗಾಕಾರವೇ ಬೇಡ: ಗಂಟೆಗೆ ಎಷ್ಟು ಎಂಎಲ್ಲೋ ನಿಮಿಷಕ್ಕೆ ಅಷ್ಟೇ ಹನಿ. ರೋಗಿ ಮಣಿಕಟ್ಟು ಮಡಚಿದರೆ, ಮಗ್ಗುಲು ಬದಲಿಸಿದರೆ ವೇಗ ಬದಲಾಗುತ್ತದೆ; ಆದ್ದರಿಂದಲೇ ಸಿಸ್ಟರ್ ಗಡಿಯಾರ ಹಿಡಿದು ಮತ್ತೆ ಮತ್ತೆ ಎಣಿಸುವುದು. ಬೇಗ ಮನೆಗೆ ಹೋಗಬೇಕೆಂದು ನಳಿಗೆಯ ಮೇಲಿನ ಚಕ್ರ ತಿರುಗಿಸಿ ಓಡಿಸುವ ನೆಂಟರು ಏನು ಮಾಡುತ್ತಿದ್ದಾರೆಂದು ಅವರಿಗೇ ಗೊತ್ತಿರುವುದಿಲ್ಲ. ಆ ಬಾಟಲಿಯಲ್ಲಿ ಪೊಟ್ಯಾಸಿಯಂ ಬೆರೆಸಿರಬಹುದು. ಹತ್ತು ಎಂಎಲ್‌ನ ಆಂಪೂಲಿನಲ್ಲಿರುವುದು 20 ಮಿಲಿಮೋಲ್, ವಾರ್ಡಿನಲ್ಲಿ ಅದನ್ನು ಗಂಟೆಗೆ ಹತ್ತರ ಮೇಲೆ ಕೊಡುವುದಿಲ್ಲ. ನೇತಾಡುತ್ತಿರುವ ಬಾಟಲಿಗೆ ಚುಚ್ಚಿ ಹಾಗೇ ಬಿಟ್ಟರೆ ಅದು ತಳದಲ್ಲೇ ನಿಂತು ಮೊದಲ ಹನಿಗಳಲ್ಲೇ ಹೋಗಿಬಿಡುತ್ತದೆ. ಇಳಿಸಿ, ತಿರುಗಾಮುರುಗಾ ಮಾಡಿ ಬೆರೆಸಬೇಕು. ನೇರವಾಗಿ ಸಿರಿಂಜಿನಲ್ಲಿ ಒತ್ತುವುದಂತೂ ಎಂದಿಗೂ ಇಲ್ಲ.

ಇನ್ನೊಂದು ಕೆಟ್ಟ ರೂಢಿ, ಹನಿ ಜೋರಾಗಲೆಂದು ಪ್ಲಾಸ್ಟಿಕ್ ಬಾಟಲಿಯ ಬುಡಕ್ಕೆ ಸೂಜಿ ಚುಚ್ಚಿಡುವುದು. ಗಾಜಿನ ಬಾಟಲಿಯ ಕಾಲದಲ್ಲಿ ಗಾಳಿಗೆ ದಾರಿ ಬೇಕಿತ್ತು. ಈಗಿನ ಮೆತ್ತನೆಯ ಬಾಟಲಿ ತಾನೇ ಕುಗ್ಗುತ್ತದೆ. ಸೂಜಿಯಿಂದ ಒಳಗೆ ಹೋಗುವುದು ವಾರ್ಡಿನ ಗಾಳಿ, ಅದರ ಜೊತೆ ಅಲ್ಲಿನ ಸೂಕ್ಷ್ಮಾಣು.

ಕಣ್ಣಿಗೆ ಕಾಣದ ಕೊಳಕಿನ ಬೆಲೆ ಏನೆಂದು ಕರ್ನಾಟಕ ಈಚೆಗೆ ನೋಡಿದೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಹದಗೆಟ್ಟರು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಸತ್ತವರು ಐದು ಮಂದಿ. ಅನುಮಾನ ಬಿದ್ದದ್ದು ಪಶ್ಚಿಮ ಬಂಗಾಳದ ಕಂಪನಿಯೊಂದು ಪೂರೈಸಿದ ರಿಂಗರ್ ಲ್ಯಾಕ್ಟೇಟ್ ಮೇಲೆ. ಸರ್ಕಾರ ಅದರ ಬಳಕೆ ನಿಲ್ಲಿಸಿತು, ಕಂಪನಿಯನ್ನು ಕಪ್ಪುಪಟ್ಟಿಗೆ ಸೇರಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಇಂಥ ದ್ರವಗಳಲ್ಲಿ ಭಯಪಡಬೇಕಾದ್ದು ಎಂಡೋಟಾಕ್ಸಿನ್‌ಗೆ, ಅಂದರೆ ಸತ್ತ ಬ್ಯಾಕ್ಟೀರಿಯಾದ ಹೊರಕವಚದ ಚೂರುಗಳಿಗೆ. ದ್ರವ ತಿಳಿಯಾಗಿಯೇ ಕಾಣುತ್ತದೆ, ಬೆಳಕಿಗೆ ಹಿಡಿದರೂ ಗೊತ್ತಾಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಡ್ರಿಪ್ ಶುರುವಾದ ಸ್ವಲ್ಪ ಹೊತ್ತಿಗೆ ಚಳಿ, ನಡುಕ, ಜ್ವರ ಬಂದರೆ ಮೊದಲು ಅದನ್ನು ನಿಲ್ಲಿಸಿ ವೈದ್ಯರನ್ನು ಕರೆಯಬೇಕು, ಬಾಟಲಿಯನ್ನು ಎಸೆಯದೆ ಎತ್ತಿಡಬೇಕು. ಕೇಸ್ ಶೀಟಿನಲ್ಲಿ ಬ್ಯಾಚ್ ನಂಬರ್ ಬರೆಯುವುದು ಹೆಚ್ಚಿನ ಕಡೆ ಹೊರೆ ಎನಿಸುವ ಕೆಲಸ. ಬಳ್ಳಾರಿಯ ನಂತರ ಹಾಗೆನ್ನುವ ಧೈರ್ಯ ಯಾರಿಗೂ ಇರಬಾರದು.

ಕಾಯುವವರಿಲ್ಲದ ಡ್ರಿಪ್ ಏನಾಗುತ್ತದೆ ಎಂಬುದು ಈ ಚಿಕಿತ್ಸೆಯ ಮೊದಲ ದಿನವೇ ಗೊತ್ತಾಗಿತ್ತು. 1832ರ ಕಾಲರಾದಲ್ಲಿ ಸ್ಕಾಟ್ಲೆಂಡಿನ ಲೀತ್ ಊರಿನ ವೈದ್ಯ ಥಾಮಸ್ ಲ್ಯಾಟಾ, ನಾಡಿಯೇ ಸಿಗದಂತಾಗಿದ್ದ ಮುದುಕಿಯೊಬ್ಬರ ರಕ್ತನಾಳಕ್ಕೆ ಉಪ್ಪುನೀರು ಬಿಟ್ಟರು. ಆರು ಪೈಂಟ್, ಅಂದರೆ ಮೂರು ಲೀಟರಿಗೂ ಹೆಚ್ಚು. ಅರ್ಧ ಗಂಟೆಯಲ್ಲಿ ಗುಳಿಬಿದ್ದ ಕಣ್ಣಿಗೆ ಕಳೆ ಬಂತು, ದನಿ ಬಂತು. ಇನ್ನು ಗೆದ್ದೆವೆಂದು ಲ್ಯಾಟಾ ಬೇರೆಯವರಿಗೆ ವಹಿಸಿ ಹೋದರು. ಭೇದಿ ಮರುಕಳಿಸಿತು, ಮತ್ತೆ ದ್ರವ ಕೊಡುವವರಿರಲಿಲ್ಲ. ಕೆಲವೇ ಗಂಟೆಗಳಲ್ಲಿ ಆಕೆ ತೀರಿಕೊಂಡರು.

ಈ ಕಾಯುವ ಕೆಲಸ ಹೆಚ್ಚು ಬೇಕಾಗುವುದು ಮಳೆಗಾಲದ ಡೆಂಗಿಯಲ್ಲಿ. ಜ್ವರ ಇಳಿಯುವ ಹೊತ್ತಿಗೆ ರಕ್ತನಾಳಗಳು ಸೋರತೊಡಗುತ್ತವೆ, ಒಂದೆರಡು ದಿನ ಆ ಸೋರಿಕೆ ಇರುತ್ತದೆ. ಹೊಟ್ಟೆನೋವು, ಬಿಡದ ವಾಂತಿಯಂಥ ಅಪಾಯದ ಲಕ್ಷಣವಿದ್ದರೆ ಸಲೈನೋ ಆರ್‌ಎಲ್ಲೋ ತೂಕ ನೋಡಿ, ಗಂಟೆಗೊಮ್ಮೆ ನಾಡಿ, ಬಿಪಿ, ಮೂತ್ರ ನೋಡಿ, ಹೆಚ್ಚಿಸುತ್ತ ಇಳಿಸುತ್ತ ಕೊಡಬೇಕು. ಸೋರಿಕೆ ನಿಂತಮೇಲೆ ಹೊರಗೆ ಹೋದ ನೀರೆಲ್ಲ ರಕ್ತಕ್ಕೆ ವಾಪಸ್ ಬರುತ್ತದೆ. ಆಗಲೂ ಬಾಟಲಿ ಏರುತ್ತಲೇ ಇದ್ದರೆ ಎದೆ ಕಟ್ಟುತ್ತದೆ, ಉಸಿರು ಸಾಲದಾಗುತ್ತದೆ. ಪ್ಲೇಟ್‌ಲೆಟ್ ಎಣಿಕೆಯನ್ನು ಯಾವ ಬಾಟಲಿಯೂ ಏರಿಸುವುದಿಲ್ಲ.

ಕುಡಿಯಬಲ್ಲವರಿಗೆ ಬಾಯಿಯೇ ಮೊದಲ ದಾರಿ ಎಂಬುದನ್ನು ದೊಡ್ಡ ಪ್ರಮಾಣದಲ್ಲಿ ಜಗತ್ತಿಗೆ ತೋರಿಸಿದ್ದು ನಮ್ಮವರೇ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಬಾಟಲಿ ಮುಗಿದಾಗ, ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿಟ್ಟು ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಅದರ ಸುಧಾರಿತ ರೂಪವೇ ಇಂದಿನ ಓಆರ್‌ಎಸ್. ದೊಡ್ಡ ಪೊಟ್ಟಣವನ್ನು ಅಳತೆ ಮಾಡಿದ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಪೂರ್ತಿ ಹಾಕಬೇಕು, ಲೋಟಕ್ಕೆ ಚಿಟಿಕೆ ಲೆಕ್ಕದಲ್ಲಲ್ಲ. ಕಲಸಿದ್ದು ಒಂದು ದಿನಕ್ಕೆ ಮಾತ್ರ. ವಾಂತಿ ಮಾಡುವ ಮಗುವಿಗೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಕೊಡಬೇಕು. ಏನೂ ಒಳಗೆ ನಿಲ್ಲದೆ ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಗು ಮಂಕಾದರೆ ಆಸ್ಪತ್ರೆ.

ಡ್ರಿಪ್ ಹಾಕಿದ ಕೈ ಪಕ್ಕದಲ್ಲಿ ಕೂತವರಿಗೂ ಕೆಲಸವಿದೆ. ಬಾಟಲಿ ಖಾಲಿಯಾದರೆ ಗಾಳಿ ನುಗ್ಗಿ ಪ್ರಾಣ ಹೋಗುತ್ತದೆಂದು ಓಡಬೇಕಿಲ್ಲ. ಸಾಮಾನ್ಯವಾಗಿ ಆಗುವುದು ರಕ್ತ ನಳಿಗೆಗೆ ಹಿಂದಕ್ಕೆ ಬಂದು ಹೆಪ್ಪುಗಟ್ಟಿ ಲೈನ್ ಹಾಳಾಗುವುದು. ಚಕ್ರ ಮುಚ್ಚಿ ಸಿಸ್ಟರನ್ನು ಕರೆದರೆ ಸಾಕು. ಚುಚ್ಚಿದ ಜಾಗ ಊದಿ ತಣ್ಣಗಾದರೆ ದ್ರವ ರಕ್ತನಾಳದ ಹೊರಗೆ ಹೋಗುತ್ತಿದೆ; ಕೆಂಪಾಗಿ ಬಿಸಿಯಾಗಿ ನೋಯುತ್ತಿದ್ದರೆ ರಕ್ತನಾಳ ಉರಿಗೊಂಡಿದೆ. ಎರಡರಲ್ಲೂ ವೆನ್‌ಫ್ಲಾನ್ ತೆಗೆದು ಬೇರೆ ಕಡೆ ಹಾಕಬೇಕು, ಉಜ್ಜಬಾರದು. ಕುಡಿದದ್ದು, ಹೋದ ಮೂತ್ರ ಎರಡನ್ನೂ ಅಳೆದು ಹೇಳಿ. ವಾರ್ಡಿನಲ್ಲಿ ಅದಕ್ಕಿಂತ ದೊಡ್ಡ ಸಹಾಯ ಇಲ್ಲ. ಮನೆಗೆ ಹೊರಡುವಾಗ ವೆನ್‌ಫ್ಲಾನ್ ತೆಗೆಸಿಕೊಂಡೇ ಹೊರಡಿ. ತೆಗೆದ ಜಾಗವನ್ನು ಹತ್ತಿಯಿಂದ ಎರಡು ಮೂರು ನಿಮಿಷ ಒತ್ತಿ ಹಿಡಿಯಿರಿ, ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಇನ್ನೂ ಹೆಚ್ಚು ಹೊತ್ತು. ಮುಂದಿನ ಎರಡು ಮೂರು ದಿನದಲ್ಲಿ ಆ ರಕ್ತನಾಳ ಹಗ್ಗದಂತೆ ಗಟ್ಟಿಯಾದರೆ, ಕೀವಾದರೆ, ಜ್ವರ ಬಂದರೆ ವಾಪಸ್ ಹೋಗಿ ತೋರಿಸಬೇಕು.